ಮಿತಿ ಮೀರಿದ ಆಜ್ಞೆ

ನಮ್ಮ ಬೀದಿಯ ಕೊನೆಯ ಮನೆಯ ವೋಲ್ಟಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಅವರ ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿತ್ತು. ಉಳಿದ ಜಗತ್ತಿಗೆಲ್ಲ ಅವರು ವೋಲ್ಟಪ್ಪ. ಕಂಬ ಹತ್ತುವ ಲೈನ್‌ಮನ್‌ಗಳು ಹಾಕಿಕೊಳ್ಳುವ ರಬ್ಬರ್ ಕೈಗವಸುಗಳನ್ನು ಪರೀಕ್ಷೆ ಮಾಡುವುದು ಅವರ ಉದ್ಯೋಗ. ಗವಸಿನೊಳಗೆ ನೀರು ತುಂಬಿ, ಅದನ್ನು ನೀರಿನ ತೊಟ್ಟಿಗೆ ಇಳಿಬಿಟ್ಟು, ಒಳಗಿನ ನೀರಿಗೂ ಹೊರಗಿನ ನೀರಿಗೂ ನಡುವೆ ಇಪ್ಪತ್ತು ಸಾವಿರ ವೋಲ್ಟು ಹಾಯಿಸಬೇಕು. ರಬ್ಬರು ತಡೆದುಕೊಂಡರೆ ಪಾಸು, ತೂತು ಬಿದ್ದರೆ ನಪಾಸು. ಪಾಸಾದ ಗವಸಿನ ಅಂಚಿಗೆ ಮುದ್ರೆ ಒತ್ತಿ ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷ ಅವರು ಇದನ್ನು ಒಂದು ದೊಡ್ಡ ಕಬ್ಬಿಣದ ಚಕ್ರ ತಿರುಗಿಸಿ ಮಾಡಿದರು. ತಿರುಗಿಸಿದಷ್ಟೂ ವೋಲ್ಟು ಏರುತ್ತಿತ್ತು, ಯಂತ್ರ ಗುಂಯ್ ಎನ್ನುತ್ತಿತ್ತು, ವೋಲ್ಟಪ್ಪನವರ ಬನಿಯನ್ನು ತೋಯುತ್ತಿತ್ತು. ಆ ಇಪ್ಪತ್ತೆರಡು ವರ್ಷ ಯಾರೂ ಅವರನ್ನು ಹೊಗಳಲಿಲ್ಲ, ಯಾವ ಲೈನ್‌ಮನ್ನೂ ಸಾಯಲಿಲ್ಲ.

ಇಪ್ಪತ್ತಮೂರನೆಯ ವರ್ಷ ಚಕ್ರ ಹೋಗಿ ಹೊಸ ಯಂತ್ರವೂ ಅದನ್ನು ನಡೆಸಲು ಒಂದು ಕಂಪ್ಯೂಟರೂ ಬಂದವು. ಅವುಗಳ ಜೊತೆ, ಯಂತ್ರ ತಯಾರಿಸಿದವರ ಕಡೆಯಿಂದ ಒಬ್ಬ ಇಂಜಿನಿಯರ್ ಮೇಡಂ ಬಂದು ಎರಡು ದಿನ ಪಾಠ ಹೇಳಿದರು.

"ಇನ್ಮೇಲೆ ನೀವು ಕೈಯಲ್ಲಿ ಏನೂ ತಿರುಗಿಸೋ ಹಾಗಿಲ್ಲ. ಇಲ್ಲಿ ಕೂತು ಕಮಾಂಡ್ ಕೊಟ್ರೆ ಸಾಕು. ಈ ಯಂತ್ರ ಲೆಕ್ಕ ಹಾಕೋದು ಸಾವಿರದಲ್ಲಿ. ಇಪ್ಪತ್ತು ಸಾವಿರ ವೋಲ್ಟ್ ಬೇಕು ಅಂದ್ರೆ ಬರೀ ಇಪ್ಪತ್ತು ಅಂತ ಟೈಪ್ ಮಾಡಿ."

"ಕಮಾಂಡ್ ಅಂದ್ರೆ ಆಜ್ಞೆ ಅಲ್ವಾ ಮೇಡಂ?"

"ಹೂಂ, ಆಜ್ಞೆ. ಆದ್ರೆ ಆಜ್ಞೆ ಕೊಟ್ಟ ತಕ್ಷಣ ಕೆಲಸ ಆಯ್ತು ಅಂದ್ಕೋಬೇಡಿ. ತಪ್ಪಾದ್ರೆ ಈ ಯಂತ್ರ ಜಗಳಕ್ಕೆ ಬರಲ್ಲ. ಒಂದ್ಸಲ ಬೀಪ್ ಅನ್ನುತ್ತೆ, ಆಮೇಲೆ ಮನಸ್ಸಲ್ಲೇ ಬರೆದಿಟ್ಟುಕೊಳ್ಳುತ್ತೆ. ಪ್ರತಿ ಸಲ ನಾವೇ 'ಏನಾದ್ರೂ ತಪ್ಪಾಯ್ತಾ?' ಅಂತ ಕೇಳಬೇಕು. ಕೇಳಿದ್ರೆ ಹಳೇದರಿಂದ ಶುರು ಮಾಡಿ ಒಂದೊಂದಾಗಿ ಹೇಳುತ್ತೆ."

"ಗೊತ್ತಾಯ್ತು. ನಮ್ಮ ಸೂಪರಿಂಟೆಂಡೆಂಟರ ಹಾಗೆ," ಎಂದರು ವೋಲ್ಟಪ್ಪ. "ವರ್ಷವಿಡೀ ನಗ್ತಾ ಇರ್ತಾರೆ, ಕೊನೇಲಿ ಗುಪ್ತ ವರದಿಯಲ್ಲಿ ಎಲ್ಲಾ ಒಟ್ಟಿಗೆ ಬರೀತಾರೆ."

ಮೇಡಂ ನಕ್ಕರು. ಪ್ರತಿ ಆಜ್ಞೆಯ ಬೆನ್ನಿಗೂ ಕಂಪ್ಯೂಟರೇ ಆ ಪ್ರಶ್ನೆ ಕೇಳುವಂತೆ, ತಪ್ಪಿದ್ದರೆ ಕೆಲಸ ಅಲ್ಲಿಗೇ ನಿಲ್ಲುವಂತೆ ಏರ್ಪಾಟು ಮಾಡಿದರು. ತೆರೆಯ ಮೂಲೆಯಲ್ಲಿದ್ದ 'ದೋಷವಿದ್ದರೂ ಮುಂದುವರಿ' ಎಂಬ ಪುಟ್ಟ ಚೌಕ ತೋರಿಸಿ, "ಇದು ರಿಪೇರಿಗೆ ಬಂದಾಗ ನನಗೆ ಬೇಕಾಗುತ್ತೆ. ನೀವು ಮುಟ್ಟಬೇಡಿ," ಎಂದು ಹೇಳಿ ಹೋದರು. ವೋಲ್ಟಪ್ಪ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆದರೆ ಮನಸ್ಸಿಗೆ ಇಳಿದದ್ದು ಒಂದೇ ಪದ: ಆಜ್ಞೆ.

ಆ ಭಾನುವಾರ ಅವರ ಮಾವನ ಮನೆಯಲ್ಲಿ ಊಟವಿತ್ತು. ಮಾವ ನಿವೃತ್ತ ಡ್ರಿಲ್ ಮಾಸ್ತರರು. ಮೂವತ್ತೈದು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಊದಿ ಅವರ ಬಲಗಿವಿ ಕೆಲಸ ಬಿಟ್ಟಿತ್ತು. ದನಿ ಮಾತ್ರ ಇನ್ನೂ ಸೇವೆಯಲ್ಲಿತ್ತು. ಊಟಕ್ಕೆ ವೋಲ್ಟಪ್ಪನವರ ಷಡ್ಡಕನೂ ಬಂದಿದ್ದ. ಬಿಸ್ಕತ್ತು ಕಾರ್ಖಾನೆಯ ಮ್ಯಾನೇಜರು. ಪ್ರತಿ ಊಟದಲ್ಲೂ ಎರಡನೆಯ ಸಲ ಬಡಿಸುವ ಹೊತ್ತಿಗೆ ಸರಿಯಾಗಿ, ತನ್ನ ಕೈಕೆಳಗೆ ನಲವತ್ತು ಜನ ಇದ್ದಾರೆಂಬ ಸಂಗತಿ ಅವನಿಗೆ ನೆನಪಾಗುತ್ತಿತ್ತು.

"ನಲವತ್ತು ಜನರನ್ನ ಸಂಭಾಳಿಸೋದು ಅಂದ್ರೆ ಸುಮ್ನೆ ಅಲ್ಲ ಮಾವ," ಎಂದ ಅವನು. ಆಮೇಲೆ ವೋಲ್ಟಪ್ಪನವರ ಕಡೆ ತಿರುಗಿ, "ನಿಮ್ದು ಅದೇ ಗ್ಲೌಸಾ ಭಾವ?" ಎಂದು ಕೇಳಿದ.

ಇಪ್ಪತ್ತೆರಡು ವರ್ಷ ಈ ಪ್ರಶ್ನೆಗೆ 'ಹೂಂ' ಎಂದು ಉತ್ತರ ಕೊಟ್ಟು ಮಜ್ಜಿಗೆ ಕುಡಿದವರು ಅಂದು ಲೋಟ ಕೆಳಗಿಟ್ಟರು.

"ನಾನೀಗ ಆಜ್ಞೆ ಕೊಡೋ ಕೆಲಸದಲ್ಲಿದೀನಿ."

ಡ್ರಿಲ್ ಮಾಸ್ತರರ ಎಡಗಿವಿ ನಿಮಿರಿತು. "ಆಜ್ಞೆ" ಎಂಬ ಶಬ್ದ ಆ ಮನೆಯಲ್ಲಿ ಅವರ ನಿವೃತ್ತಿಯ ನಂತರ ಕೇಳಿರಲಿಲ್ಲ.

"ಭೇಷ್! ಎಷ್ಟಕ್ಕೆ ಕೊಡ್ತೀರಿ ಅಳಿಯಂದ್ರೆ?"

"ಇಪ್ಪತ್ತು ಸಾವಿರಕ್ಕೆ ಮಾವ."

ವೋಲ್ಟು ಎಂದು ಸೇರಿಸಲು ಅವರು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಷಡ್ಡಕನ ಕೈಯ ತುತ್ತು ಬಾಯಿಗೂ ತಟ್ಟೆಗೂ ಮಧ್ಯೆ ನಿಂತಿತ್ತು. ಅಂಥ ದೃಶ್ಯ ಮನುಷ್ಯನ ಜೀವಮಾನದಲ್ಲಿ ಎಷ್ಟು ಸಲ ಸಿಕ್ಕೀತು? ವೋಲ್ಟಪ್ಪ ಬಾಯಿ ಮುಚ್ಚಿ ಮಜ್ಜಿಗೆ ಕುಡಿದರು.

"ಇಪ್ಪತ್ತು ಸಾವಿರ ಜನ!" ಎಂದರು ಮಾವ. ಆ ದನಿ ಪಕ್ಕದ ಮೂರು ಮನೆಗೆ ಕೇಳಿಸಿತು.

ವೋಲ್ಟಪ್ಪನವರ ಹೆಂಡತಿ ಮನೆಗೆ ಬಂದ ಮೇಲೆ, "ಜನ ಅಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ ರೀ?" ಎಂದರು.

"ನಾನು ಜನ ಅಂದೆನಾ? ನಿಮ್ಮಪ್ಪ ಅಂದದ್ದು."

"ಅಂದಾಗ ಸುಮ್ನಿದ್ರಲ್ಲ."

"ಹಿರಿಯರಿಗೆ ಎದುರು ಮಾತಾಡೋದು ನನಗೆ ಅಭ್ಯಾಸ ಇಲ್ಲ," ಎಂದು ವೋಲ್ಟಪ್ಪ ಮಲಗಿದರು.

ಮರುದಿನವೇ ಮಾವ ಒಂದು ಚೀಲ ಹಿಡಿದು ಮಗಳ ಮನೆಗೆ ಬಂದರು. ಇಪ್ಪತ್ತು ಸಾವಿರ ಜನರ ಒಡೆಯನ ಮನೆಯಲ್ಲಿ ಹದಿನೈದು ದಿನ ಇದ್ದು ಹೋಗುವುದು ತಮ್ಮ ಕರ್ತವ್ಯವೆಂದು ಅವರಿಗೆ ತೋರಿತ್ತು. ಬೆಳಗ್ಗೆ ವಾಕಿಂಗ್ ಹೋದವರು ಬೀದಿಯ ಪ್ರತಿ ಜಗಲಿಯ ಮುಂದೂ ನಿಂತು ತಮ್ಮ ಅಳಿಯನ ಪರಿಚಯ ಮಾಡಿಕೊಟ್ಟರು. ಹನ್ನೊಂದು ವರ್ಷದಿಂದ ಅದೇ ಬೀದಿಯಲ್ಲಿದ್ದ ವೋಲ್ಟಪ್ಪ ನಮಗೆಲ್ಲ ಅಂದು ಹೊಸದಾಗಿ ಪರಿಚಯವಾದರು.

ನಮ್ಮ ಬೀದಿಗೆ ಆಗ ಒಂದು ದೊಡ್ಡ ಕಷ್ಟವಿತ್ತು. ವೋಲ್ಟೇಜು ಇರಲಿಲ್ಲ. ಸಂಜೆಯಾದರೆ ಬಲ್ಬುಗಳು ಕೆಮ್ಮುವ ಮುದುಕರಂತೆ ಮಿಣಮಿಣ ಅನ್ನುತ್ತಿದ್ದವು. ಮೂಲೆ ಅಂಗಡಿಯ ಟೈಲರನ ಹೊಲಿಗೆ ಮಿಷನ್ನು ಒಂದು ತೋಳು ಹೊಲಿಯುವಷ್ಟರಲ್ಲಿ ಮೂರು ಸಲ ಉಸಿರು ತೆಗೆದುಕೊಳ್ಳುತ್ತಿತ್ತು. ಮಾವನ ಭಾಷಣ ಮುಗಿಯುವುದಕ್ಕೂ ಮೊದಲೇ ಟೈಲರು ಟೇಪನ್ನು ಕೊರಳಲ್ಲಿ ಹಾಗೇ ಬಿಟ್ಟುಕೊಂಡು ವೋಲ್ಟಪ್ಪನವರ ಬಾಗಿಲಿಗೆ ಬಂದ.

"ಕರೆಂಟಿನೋರೆಲ್ಲ ನಿಮ್ಮ ಕೈಕೆಳಗಂತೆ. ಒಂದು ಮಾತು ಹೇಳಿ ಸಾರ್. ಮದುವೆ ಸೂಟು ಅರ್ಧದಲ್ಲಿ ನಿಂತಿದೆ. ಹುಡುಗನಿಗೆ ಒಂದೇ ಕಾಲಿನ ಪ್ಯಾಂಟು ಕೊಡೋಕಾಗುತ್ತಾ?"

"ಅದು ಹಾಗಲ್ಲ..." ಎಂದು ವೋಲ್ಟಪ್ಪ ಶುರು ಮಾಡಿದರು.

"ಆಗುತ್ತೆ, ಹೋಗು!" ಎಂದು ಮಾವ ಮುಗಿಸಿದರು.

ಬೇರೆ ದಾರಿಯಿಲ್ಲದೆ ವೋಲ್ಟಪ್ಪ ನಮ್ಮ ಬೀದಿಯ ಲೈನ್‌ಮನ್ನನ್ನು ಹಿಡಿದರು. ಅವನು ಒಳ್ಳೆಯ ಮನುಷ್ಯ. ಎತ್ತರದಲ್ಲಿ ಧೈರ್ಯವಂತ, ನೆಲದ ಮೇಲೆ ಸಂಕೋಚದವ. "ಟ್ರಾನ್ಸ್‌ಫಾರ್ಮರ್ ಕಂಬದಲ್ಲಿ ಒಂದು ಜಾಯಿಂಟು ಸುಟ್ಟಿದೆ ಸಾರ್. ಪಟ್ಟೀಲಿ ನಿಮ್ಮ ಬೀದಿ ಹದಿನೇಳನೇದು," ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ಇರಲಿ ಬಿಡಿ. ನಿಮ್ಮ ಸಹಿ ಇರೋ ಗ್ಲೌಸ್ ನಂಬ್ಕೊಂಡು ಮೇಲೆ ಹತ್ತೋನು ನಾನು. ನಿಮ್ಮ ಮಾತು ತೆಗೆದುಹಾಕ್ತೀನಾ? ಈ ವಾರ ಗ್ಲೌಸು ನಿಮ್ಮಲ್ಲಿಗೇ ಪರೀಕ್ಷೆಗೆ ಬರುತ್ತೆ. ಅದು ವಾಪಸ್ ಬಂದ ಮೇಲೆ, ಮುಂದಿನ ಶನಿವಾರ ಮಾಡಿಕೊಡ್ತೀನಿ," ಎಂದ.

ಇತ್ತ ಮಾವನಿಗೆ ಒಂದು ಆಸೆ ಹುಟ್ಟಿತು. ಅಳಿಯ ಆಜ್ಞೆ ಕೊಡುವುದನ್ನು ಕಣ್ಣಾರೆ ನೋಡಬೇಕು. ಎಷ್ಟು ನೆಪ ಹೇಳಿದರೂ ಕೇಳದೆ ಬುಧವಾರ ಬೆಳಗ್ಗೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಪರೀಕ್ಷಾ ಕೇಂದ್ರಕ್ಕೆ ಬಂದೇಬಿಟ್ಟರು.

ಕೋಣೆಯಲ್ಲಿ ಇದ್ದದ್ದು ಒಂದು ಮೇಜು, ಒಂದು ಕಂಪ್ಯೂಟರು, ಒಂದು ಪ್ರಿಂಟರು. ಗಾಜಿನ ಗೋಡೆಯಾಚೆ ಜಾಲರಿಯ ಪಂಜರ. ಅದರೊಳಗೆ ಯಂತ್ರ, ನೀರಿನ ತೊಟ್ಟಿ, ತೊಟ್ಟಿಯಲ್ಲಿ ಶರಣಾದವರಂತೆ ಬೆರಳು ಕೆಳಗೆ ಮಾಡಿ ಜೋತುಬಿದ್ದ ಆರು ರಬ್ಬರ್ ಗವಸುಗಳು. ಮಾವ ಸುತ್ತ ನೋಡಿದರು.

"ಜನ ಎಲ್ಲಿ?"

"ಅವರು... ಬೇರೆ ಬೇರೆ ಕಡೆ ಇರ್ತಾರೆ ಮಾವ. ಆಜ್ಞೆ ಇಲ್ಲಿಂದ ಹೋಗುತ್ತೆ." ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ಸುಳ್ಳಲ್ಲದ ಮಾತಿಗೆ ಇರುವ ಅನುಕೂಲಗಳೆಲ್ಲ ಅದಕ್ಕಿದ್ದವು.

"ಸರಿ, ಕೊಡಿ ನೋಡೋಣ."

ವೋಲ್ಟಪ್ಪ ಬೆನ್ನು ನೆಟ್ಟಗೆ ಮಾಡಿ 'ಇಪ್ಪತ್ತು' ಎಂದು ಟೈಪು ಮಾಡಿದರು. ಮಾವ ಕನ್ನಡಕ ಮೇಲೆತ್ತಿ ತೆರೆಯ ಹತ್ತಿರಕ್ಕೆ ಬಂದರು.

"ಇಪ್ಪತ್ತಾ? ಬರೀ ಇಪ್ಪತ್ತು? ಇಪ್ಪತ್ತು ಸಾವಿರ ಅಂದಿದ್ರಿ! ನಿಮ್ಮ ಷಡ್ಡಕನಿಗೇ ನಲವತ್ತಿದೆಯಲ್ರೀ!"

ಸತ್ಯ ಹೇಳಲು ಅದು ಎರಡನೆಯ ಅವಕಾಶ. ವೋಲ್ಟಪ್ಪನವರ ಬೆರಳು ಸತ್ಯಕ್ಕಿಂತ ಚುರುಕಾಗಿತ್ತು. ಇಪ್ಪತ್ತರ ಮುಂದೆ ಮೂರು ಸೊನ್ನೆ ಬಿತ್ತು.

ಯಂತ್ರ ಬೀಪ್ ಎಂದಿತು. ಕೆಲಸ ನಿಂತಿತು.

"ಏನದು?"

"ಒಪ್ಪಿಗೆ ಮಾವ. 'ಅಪ್ಪಣೆ' ಅಂತಿದೆ."

"ಮತ್ಯಾಕೆ ನಿಂತಿದೆ? ಮತ್ತೊಂದ್ಸಲ ಕೊಡಿ. ಆಜ್ಞೆ ಕೊಡೋನ ದನಿ ಹೊಟ್ಟೆಯಿಂದ ಬರಬೇಕು."

ಮತ್ತೊಂದು ಸಲ ಕೊಟ್ಟರು. ಮತ್ತೊಂದು ಬೀಪ್. ಐದನೆಯ ಬೀಪಿಗೆ ವೋಲ್ಟಪ್ಪನವರ ಕಿವಿ ಕೆಂಪಾಯಿತು. ಅವರು ಮೊದಲು ಯಂತ್ರದ ಸದ್ದು ಅಡಗಿಸಿದರು. ಆಮೇಲೆ, ಮೇಡಂ ಮುಟ್ಟಬೇಡಿ ಎಂದಿದ್ದ ಮೂಲೆಯ ಚೌಕದಲ್ಲಿ ಒಂದು ಗುರುತು ಹಾಕಿದರು. ದೋಷವಿದ್ದರೂ ಮುಂದುವರಿ. ಕಂಪ್ಯೂಟರು ಮುಂದುವರಿಯಿತು. ಯಂತ್ರದ ಮಿತಿ ಐವತ್ತು, ಅಂದರೆ ಐವತ್ತು ಸಾವಿರ ವೋಲ್ಟು. ಇಪ್ಪತ್ತು ಸಾವಿರ ಸಾವಿರ ವೋಲ್ಟು ಎಂಬ ಆಜ್ಞೆಯನ್ನು ಅದು ಸದ್ದಿಲ್ಲದೆ ತಳ್ಳಿಹಾಕಿ, ತಾನಿದ್ದ ಸೊನ್ನೆಯಲ್ಲೇ ಕೂತು, ತಪ್ಪನ್ನು ಬರೆದಿಟ್ಟುಕೊಂಡಿತು. ತೆರೆಯ ಮೇಲೆ ಮಾತ್ರ ವೋಲ್ಟಪ್ಪನವರು ಬರೆದದ್ದೇ ರಾರಾಜಿಸುತ್ತಿತ್ತು: ಇಪ್ಪತ್ತು ಸಾವಿರ. ಅದರ ಕೆಳಗೆ, ಗವಸಿನ ಮೂಲಕ ಸೋರಿದ ವಿದ್ಯುತ್ತು: ಸೊನ್ನೆ. ಆರೂ ಪಾಸು.

"ಬದಲಾವಣೆಯನ್ನು ಉಳಿಸಬೇಕೆ?" ಎಂದು ಕಂಪ್ಯೂಟರು ಕೇಳಿತು.

"ಉಳಿಸಿ, ಉಳಿಸಿ," ಎಂದರು ಮಾವ. "ಉಳಿತಾಯ ಯಾವತ್ತೂ ಒಳ್ಳೇದೇ."

ಮಾವ ಹೋದ ಮೇಲೆ ಎಲ್ಲವನ್ನೂ ಸರಿ ಮಾಡಬೇಕೆಂದೇ ವೋಲ್ಟಪ್ಪ ಅಂದುಕೊಂಡಿದ್ದರು. ಆದರೆ ಅದೇ ಗಳಿಗೆಯಲ್ಲಿ ಸೂಪರಿಂಟೆಂಡೆಂಟರು ಒಳಗೆ ಬಂದರು. ತೆರೆ ನೋಡಿದರು. ಅವರ ಕಣ್ಣು ಆ ಸೊನ್ನೆಗಳಿಗಿಂತ ದುಂಡಗಾಯಿತು.

"ಸೋರಿಕೆ ಸೊನ್ನೆ! ಮೊನ್ನೆವರೆಗೂ ಏಳು, ಎಂಟು ಅಂತ ಬರ್ತಿತ್ತಲ್ರೀ? ಏನು ಮಾಡಿದ್ರಿ?"

"ಆಜ್ಞೇನ ಸ್ವಲ್ಪ ಗಟ್ಟಿಯಾಗಿ ಕೊಟ್ಟೆ ಸಾರ್."

"ಅದೇ! ಅದೇ ನಾನು ಹೇಳೋದು! ಎಲ್ಲಾ ಕಡೆ ಇದೇ ಬೇಕಾಗಿರೋದು!"

ಮೇಲಧಿಕಾರಿ ಹೊಗಳಿದ್ದನ್ನು ಕೆಳಗಿನವನು ಸರಿಪಡಿಸಲು ಹೋದರೆ ಅದು ಅವಿಧೇಯತೆಯಾಗುತ್ತದೆ. ವೋಲ್ಟಪ್ಪ ವಿಧೇಯರು. ಎರಡು ದಿನದಲ್ಲಿ ಅವರೇ ಅದನ್ನು ನಂಬಿದರು: ಇಪ್ಪತ್ತು ಎಂದು ಮೆಲ್ಲಗೆ ಹೇಳಿದಾಗ ಗವಸು ಸೋರುತ್ತಿತ್ತು, ಇಪ್ಪತ್ತು ಸಾವಿರ ಎಂದು ಗದರಿದ ಮೇಲೆ ಹೆದರಿ ಸೋರುವುದನ್ನೇ ಬಿಟ್ಟಿದೆ. ಯಂತ್ರ ಸದ್ದು ಮಾಡುತ್ತಿಲ್ಲವೆಂದರೆ, ಹೊಸ ಯಂತ್ರ, ಸುಸಂಸ್ಕೃತ. ಕಂಪ್ಯೂಟರು ಪ್ರತಿ ಸಲ ಪ್ರಶ್ನೆ ಕೇಳಿ ನಿಲ್ಲುವುದೂ ತಪ್ಪಿದ್ದರಿಂದ ಕೆಲಸ ಮೂರು ಪಟ್ಟು ಬೇಗ ಆಯಿತು. ಹತ್ತು ದಿನದಲ್ಲಿ ಮುನ್ನೂರ ನಲವತ್ತು ಜೊತೆ ಗವಸು ಪಾಸಾದವು. ಒಂದೂ ನಪಾಸಿಲ್ಲ. ಎಲ್ಲದರ ಮೇಲೂ ಮುದ್ರೆ, ಮುದ್ರೆಯ ಮೇಲೆ ಸಹಿ. ಸಹಿ ಕೂಡ ಆ ವಾರದಲ್ಲಿ ಸ್ವಲ್ಪ ದೊಡ್ಡದಾಗಿತ್ತೆಂದು ನೋಡಿದವರು ಹೇಳುತ್ತಾರೆ.

ಶನಿವಾರ ಬೆಳಗ್ಗೆ ಕೇಂದ್ರದ ಹಾಲಿನಲ್ಲಿ ಸೂಪರಿಂಟೆಂಡೆಂಟರು ಒಂದು ಚಿಕ್ಕ ಸಭೆ ಏರ್ಪಡಿಸಿದರು. 'ಸೊನ್ನೆ ಸೋರಿಕೆಯ ಸಾಧನೆ' ಎಂದು ಬಟ್ಟೆಯ ಮೇಲೆ ಬರೆಸಿ ಗೋಡೆಗೆ ಕಟ್ಟಿಸಿದ್ದರು. ಮೂವತ್ತು ಜನ ಸಿಬ್ಬಂದಿ, ಬಿಸ್ಕತ್ತು, ಚಹಾ. ವೋಲ್ಟಪ್ಪ ಯಾರದೋ ಕೋಟು ಹಾಕಿಕೊಂಡು ವೇದಿಕೆಯ ಮೇಲೆ ಕುಳಿತರು. ಮಾವ ಬರಲಿಲ್ಲ. ಅಂದೇ ನಮ್ಮ ಬೀದಿಯಲ್ಲಿ ಕಂಬದ ಕೆಲಸವಿತ್ತು. ಅಳಿಯನ ಪ್ರಭಾವದಿಂದ ಆಗುತ್ತಿರುವ ಕೆಲಸವನ್ನು ತಾವೇ ನಿಂತು ಮಾಡಿಸಬೇಕೆಂದು ಬೀದಿ ಮಧ್ಯೆ ಕುರ್ಚಿ ಹಾಕಿಸಿಕೊಂಡಿದ್ದರು.

ಅದೇ ಬೆಳಗ್ಗೆ ಇಂಜಿನಿಯರ್ ಮೇಡಂ ಯಂತ್ರ ಹೇಗೆ ನಡೆಯುತ್ತಿದೆ ಎಂದು ನೋಡಲು ಬಂದರು. ಸೂಪರಿಂಟೆಂಡೆಂಟರು ವೇದಿಕೆಯಿಂದಲೇ, "ಮೇಡಂ, ಯಂತ್ರದ ಬಾಯಲ್ಲೇ ಇವರ ಸಾಧನೆ ಕೇಳೋಣ. ಅದರಲ್ಲಿರೋ ದಾಖಲೇನ ಪ್ರಿಂಟ್ ತೆಗೆದು ಕಳಿಸಿ," ಎಂದರು. ಮೇಡಂ ಪರೀಕ್ಷಾ ಕೋಣೆಗೆ ಹೋಗಿ, ಹತ್ತು ದಿನದಿಂದ ಯಾರೂ ಕೇಳದಿದ್ದ ಪ್ರಶ್ನೆಯನ್ನು ಯಂತ್ರಕ್ಕೆ ಕೇಳಿದರು. ಪ್ರಿಂಟರು ಗೊಣಗಲು ತೊಡಗಿತು. ಬಂದ ಹಾಳೆಗಳನ್ನು ಜವಾನ, ಮೇಡಂ ನೋಡುವ ಮೊದಲೇ, ಓಡೋಡಿ ವೇದಿಕೆಗೆ ತಂದ. ಸೂಪರಿಂಟೆಂಡೆಂಟರು ಗಂಟಲು ಸರಿಮಾಡಿಕೊಂಡು ಓದಿದರು.

"ಬುಧವಾರ, ಹನ್ನೊಂದು ಗಂಟೆ ನಾಲ್ಕು ನಿಮಿಷ. ಆಜ್ಞೆ ಮಿತಿ ಮೀರಿದೆ." ಅವರು ತಲೆಯೆತ್ತಿ ಸಭೆಯನ್ನು ನೋಡಿದರು. "ಕೇಳಿದ್ರಾ? ಮಿತಿ ಮೀರಿ ದುಡಿದಿದಾರೆ!"

ಚಪ್ಪಾಳೆ.

"ಹನ್ನೊಂದು ಗಂಟೆ ಐದು ನಿಮಿಷ. ಆಜ್ಞೆ ಮಿತಿ ಮೀರಿದೆ. ಹನ್ನೊಂದು ಆರು. ಆಜ್ಞೆ ಮಿತಿ ಮೀರಿದೆ. ನಿಮಿಷಕ್ಕೊಂದು ಸಲ, ನೋಡಿ! ಗುರುವಾರ... ಮಿತಿ ಮೀರಿದೆ. ಶುಕ್ರವಾರ... ಮಿತಿ ಮೀರಿದೆ. ನಮ್ಮಲ್ಲಿ ಎಷ್ಟು ಜನ ಹೀಗೆ ದಿನಾ ಮಿತಿ ಮೀರ್ತೀವಿ? ಎದೆ ಮುಟ್ಟಿಕೊಂಡು ಹೇಳಿ!"

ಮತ್ತೆ ಚಪ್ಪಾಳೆ. ವೋಲ್ಟಪ್ಪನವರು ಮಾತ್ರ ಬಿಸ್ಕತ್ತು ಕೈಯಲ್ಲಿ ಹಿಡಿದು ಕಲ್ಲಾಗಿದ್ದರು. ಇಪ್ಪತ್ತೆರಡು ವರ್ಷದ ಅನುಭವ ಹತ್ತು ದಿನ ನಿದ್ದೆ ಮಾಡಿ ಈಗ ಒಮ್ಮೆಲೇ ಎದ್ದು ಕುಳಿತಿತ್ತು.

"ಕೊನೇ ಸಾಲು," ಎಂದು ಸೂಪರಿಂಟೆಂಡೆಂಟರು ದನಿ ಏರಿಸಿದರು. "ದೋಷಗಳ ಪಟ್ಟಿ ತುಂಬಿದೆ. ಇನ್ನು ಬರೆದುಕೊಳ್ಳಲು ಜಾಗವಿಲ್ಲ..." ಇಲ್ಲಿ ಅವರಿಗೇ ಏನೋ ಅನುಮಾನ ಬಂದು ದನಿ ಇಳಿಯಿತು.

ಬಾಗಿಲಲ್ಲಿ ಮೇಡಂ ನಿಂತಿದ್ದರು. ಕಂಪ್ಯೂಟರಿನ ತೆರೆ ನೋಡಿ ಓಡಿ ಬಂದಿದ್ದರು.

"ಸಾರ್, ಎಷ್ಟೇ ಒಳ್ಳೆ ಗ್ಲೌಸ್ ಆದ್ರೂ ಒಂಚೂರು ಸೋರುತ್ತೆ. ಸೋರಿಕೆ ಸೊನ್ನೆ ಅಂದ್ರೆ ವೋಲ್ಟೇ ಬಂದಿಲ್ಲ ಅಂತ ಅರ್ಥ. ಹತ್ತು ದಿನದಿಂದ ಒಂದು ಗ್ಲೌಸೂ ಪರೀಕ್ಷೆ ಆಗಿಲ್ಲ. ಅವೆಲ್ಲ ಈಗ ಎಲ್ಲಿವೆ?"

ವೋಲ್ಟಪ್ಪ ವೇದಿಕೆಯಿಂದ ಕೆಳಗೆ ಹಾರಿದರು. ಸೂಪರಿಂಟೆಂಡೆಂಟರು, "ವಂದನಾರ್ಪಣೆ ಇನ್ನೂ ಆಗಿಲ್ಲ!" ಎಂದು ಕೂಗುತ್ತಿದ್ದಂತೆ ಅವರು ಬೀದಿಗೆ ಬಿದ್ದಾಗಿತ್ತು. ಓಡುತ್ತಲೇ ಲೈನ್‌ಮನ್ನಿಗೆ ಫೋನು ಮಾಡಿದರು. ಅವನು ಎತ್ತಲಿಲ್ಲ, ಕಂಬದ ಮೇಲಿದ್ದಾಗ ಅವನು ಫೋನೆತ್ತುವವನಲ್ಲ.

ನಮ್ಮ ಬೀದಿಗೂ ಕೇಂದ್ರಕ್ಕೂ ಒಂದೂವರೆ ಮೈಲಿ. ಐವತ್ತೊಂದು ವಯಸ್ಸಿನ, ಸ್ವಲ್ಪ ಹೊಟ್ಟೆಯಿರುವ, ಬೇರೆಯವರ ಕೋಟು ತೊಟ್ಟ ಒಬ್ಬ ಮನುಷ್ಯ ಅದನ್ನು ಎಷ್ಟು ಹೊತ್ತಿನಲ್ಲಿ ಓಡಬಹುದೋ ನನಗೆ ಗೊತ್ತಿಲ್ಲ. ನಾವು ನೋಡುವ ಹೊತ್ತಿಗೆ ಅವರು ಬೀದಿಯ ತಿರುವಿನಲ್ಲಿ ಕೈ ಬೀಸುತ್ತ ಬರುತ್ತಿದ್ದರು. ಬಹುಮಾನ ಬಂದ ಸಂತೋಷವೆಂದುಕೊಂಡು ನಾವೂ ಕೈ ಬೀಸಿದೆವು.

ಲೈನ್‌ಮನ್ ಏಣಿಯ ತುದಿಯಲ್ಲಿದ್ದ. ಗವಸು ಹಾಕಿಕೊಂಡಾಗಿತ್ತು. ಸುಟ್ಟ ಜಾಯಿಂಟಿಗೂ ಅವನ ಕೈಗೂ ಒಂದು ಮಾರು ದೂರ. ಕೆಳಗೆ ಅರ್ಧ ಬೀದಿ ಕತ್ತೆತ್ತಿ ನಿಂತಿತ್ತು, ನಡುವೆ ಕುರ್ಚಿಯಲ್ಲಿ ಮಾವ.

"ಇಳಿ!" ಎಂದು ಕೂಗಿದರು ವೋಲ್ಟಪ್ಪ. "ಏನೂ ಮುಟ್ಟಬೇಡ, ಇಳಿ!"

"ಏನ್ ಸಾರ್, ಏನಾಯ್ತು?"

"ಆ ಗ್ಲೌಸು ನಾನು ಪರೀಕ್ಷೆ ಮಾಡಿಲ್ಲ!"

"ನಿಮ್ಮ ಸಹಿ ಇದೆಯಲ್ಲ ಸಾರ್!" ಲೈನ್‌ಮನ್ ಗವಸಿನ ಕೈ ತಿರುಗಿಸಿ ನೋಡಿಕೊಂಡ. "ದೊಡ್ಡದಾಗೇ ಇದೆ."

"ಸಹಿ ಇದೆ, ಪರೀಕ್ಷೆ ಇಲ್ಲ!"

ಬೀದಿ ಗುಜುಗುಜು ಎಂದಿತು. ಮೂರು ತಿಂಗಳಿಂದ ಕಾದಿದ್ದ ಕೆಲಸ, ಇನ್ನೊಂದು ಮಾರು ಉಳಿದಿದೆ, ಈಗ ಇಳಿಯುವುದೆಂದರೆ? ಮಾವ ಕುರ್ಚಿಯಿಂದ ಎದ್ದು, "ದೊಡ್ಡವರು ಹೀಗೇ. ತಾವು ಮಾಡಿದ್ದನ್ನ ಮಾಡಿಲ್ಲ ಅಂತಾರೆ. ವಿನಯ!" ಎಂದು ಸುತ್ತಲಿದ್ದವರಿಗೆ ವಿವರಿಸಿದರು.

"ವಿನಯ ಅಲ್ಲ ಮಾವ, ನಿಜ!" ವೋಲ್ಟಪ್ಪನವರ ಉಸಿರು ತುಂಡು ತುಂಡಾಗಿ ಬರುತ್ತಿತ್ತು. "ನನ್ನ ಕೈಕೆಳಗೆ ಯಾರೂ ಇಲ್ಲ. ಇಪ್ಪತ್ತು ಸಾವಿರ ಅಂದದ್ದು ವೋಲ್ಟು. ಅದೂ ನನ್ನ ಮಾತು ಕೇಳಿಲ್ಲ!"

"ನೋಡಿದ್ರಾ?" ಎಂದರು ಮಾವ ಹೆಮ್ಮೆಯಿಂದ. ಅವರಿಗೆ ಕೇಳಿಸಿದ್ದು 'ಇಪ್ಪತ್ತು ಸಾವಿರ' ಮಾತ್ರ.

ವೋಲ್ಟಪ್ಪನವರ ಹೆಂಡತಿ ಗುಂಪು ಸರಿಸಿಕೊಂಡು ಮುಂದೆ ಬಂದರು. "ಅಣ್ಣಾ, ಇಳಿಯಪ್ಪ. ಇಪ್ಪತ್ತಾರು ವರ್ಷದಲ್ಲಿ ಇವರು ತಮ್ಮದು ತಪ್ಪು ಅಂತ ಒಪ್ಪಿಕೊಂಡಿದ್ದು ನಾನು ಇದೇ ಮೊದಲು ನೋಡ್ತಿರೋದು. ಅಂದ್ರೆ ವಿಷಯ ದೊಡ್ಡದೇ ಇರಬೇಕು."

ಲೈನ್‌ಮನ್ ನಕ್ಕ. "ಹೆದರಬೇಡಿ ಅಕ್ಕಾ. ಗ್ಲೌಸು ಹೋಗ್ಲಿ, ಲೈನೇ ಆಫ್ ಮಾಡಿಸಿದೀನಿ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಹೇಳಿ ಆಯ್ತು."

"ಆಫ್ ಮಾಡಿ ಅಂತ ಹೇಳಿದೆ," ಎಂದರು ವೋಲ್ಟಪ್ಪ. "ಆಫ್ ಆಯ್ತಾ ಅಂತ ಕೇಳಿದೆಯಾ?"

"ಹೇಳಿದ ಮೇಲೆ ಆಗಿರುತ್ತೆ ಸಾರ್! ಹನ್ನೆರಡು ವರ್ಷದಿಂದ ಹೇಳ್ತಾ ಇದೀನಿ," ಎಂದು ಅವನು ಜಾಯಿಂಟಿನ ಕಡೆ ತಿರುಗಿದ.

ಅಷ್ಟರಲ್ಲಿ ಮೂಲೆ ಅಂಗಡಿಯಿಂದ ಟೈಲರು, ಎರಡು ಕಾಲಿನ ಪ್ಯಾಂಟನ್ನು ಬಾವುಟದಂತೆ ಎತ್ತಿ ಹಿಡಿದು ಹೊರಗೆ ಬಂದ. ಬೀದಿಯವರೆಲ್ಲ ಮನೆಯ ಸ್ವಿಚ್ಚುಗಳನ್ನು ಆರಿಸಿ ಕಂಬದ ಕೆಳಗೆ ಸೇರಿದ್ದರೆ, ಅವನೊಬ್ಬ ಬೆಳಗಿನಿಂದ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದ.

"ಅಣ್ಣಾ, ಕೈಗುಣ ಅಂದ್ರೆ ನಿಂದು! ಮಿಷನ್ನು ಒಂದ್ಸಲಾನೂ ನಿಂತಿಲ್ಲ! ಫ್ಯಾನು ಈಗಲೂ ತಿರುಗ್ತಿದೆ, ಬಂದು ನೋಡಿ!"

ಬೀದಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಒಬ್ಬರಿಗೆ ಬಿಟ್ಟು. "ಕರೆಂಟಿದೆ!" ಎಂದು ವೋಲ್ಟಪ್ಪ ಚೀರಲು ಹೋದರು. ಆದರೆ ಓಡಿ ಬಂದ ಗಂಟಲಿನಿಂದ ಹೊರಟದ್ದು ಬರೀ ಗಾಳಿ. ಅವರು ಮಾವನ ಎಡಗಿವಿಗೆ ಬಾಯಿಟ್ಟು ಹೇಳಿದರು: "ಮಾವ, ಅವನನ್ನ ನಿಲ್ಲಿಸಿ."

ಡ್ರಿಲ್ ಮಾಸ್ತರರು ಯಾಕೆ ಏನು ಎಂದು ಕೇಳಲಿಲ್ಲ. ಎದೆ ತುಂಬ ಉಸಿರೆಳೆದು ಹೊಟ್ಟೆಯಿಂದ ಒಂದೇ ಶಬ್ದ ಬಿಟ್ಟರು:

"ಸಾವಧಾನ್!"

ಬೀದಿಯೇ ನೆಟ್ಟಗೆ ನಿಂತಿತು. ಮೂರನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರೂ ಕೈ ಪಕ್ಕಕ್ಕೆ ಇಳಿಬಿಟ್ಟರು. ಏಣಿಯ ತುದಿಯಲ್ಲಿ ಲೈನ್‌ಮನ್ನನ ಕೈ ಜಾಯಿಂಟಿಗೆ ಒಂದು ಗೇಣು ಇರುವಾಗ ಹಿಂದಕ್ಕೆ ಬಂದು ತೊಡೆಗೆ ಅಂಟಿಕೊಂಡಿತು. ಆ ನಿಶ್ಶಬ್ದದಲ್ಲಿ ಟೈಲರನ ಅಂಗಡಿಯೊಳಗಿಂದ ಫ್ಯಾನು ತಿರುಗುವ ಸದ್ದು ಎಲ್ಲರಿಗೂ ಕೇಳಿಸಿತು. ಲೈನ್‌ಮನ್ನನಿಗೂ.

ಅವನು ಒಂದೊಂದೇ ಮೆಟ್ಟಿಲು ನೋಡಿ ನೋಡಿ ಕೆಳಗಿಳಿದ. ಏಣಿಯ ಬುಡದಲ್ಲಿ ಕುಳಿತು ಸಬ್‌ಸ್ಟೇಷನ್ನಿಗೆ ಫೋನು ಮಾಡಿದ. ಸುತ್ತ ನಿಂತವರಿಗೆಲ್ಲ ಆಚೆಯ ದನಿ ಕೇಳುತ್ತಿತ್ತು.

"ಯಾವ ಲೈನು ಅಣ್ಣ? ಬೆಳಗ್ಗೆ ನೀನು 'ಆಫ್ ಮಾಡು' ಅಂದೆ. ಯಾವುದು ಅಂತ ಕೇಳೋ ಅಷ್ಟರಲ್ಲಿ ಇಟ್ಬಿಟ್ಟೆ. ಮತ್ತೆ ಫೋನ್ ಮಾಡ್ತೀಯಾ ಅಂತ ಕಾಯ್ತಾ ಕೂತಿದೀನಿ."

ಯಾರೋ ನೀರು ತಂದು ಕೊಟ್ಟರು. ಲೈನ್‌ಮನ್ ಗವಸು ತೆಗೆಯಲು ಮರೆತು, ಗವಸಿನ ಕೈಯಲ್ಲೇ ಲೋಟ ಹಿಡಿದು ಕುಡಿದ. ವೋಲ್ಟಪ್ಪ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು, ಕೋಟಿನ ಸಮೇತ. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು.

ಮಾವ ಸಂಜೆಯ ಹೊತ್ತಿಗೆ ಇಡೀ ಸಂಗತಿಯನ್ನು ತಮ್ಮ ರೀತಿಯಲ್ಲಿ ಜೋಡಿಸಿಕೊಂಡಿದ್ದರು. ಅದರಂತೆ, ಅಳಿಯ ಆಜ್ಞೆ ಕೊಟ್ಟ, ತಾವು ಅದನ್ನು ಜಾರಿಗೆ ತಂದರು, ಒಂದು ಪ್ರಾಣ ಉಳಿಯಿತು. ವೋಲ್ಟಪ್ಪ ಅವರನ್ನು ಎದುರಿಗೆ ಕೂರಿಸಿಕೊಂಡು, ಎಡಗಿವಿಯ ಹತ್ತಿರ, ಮಜ್ಜಿಗೆಯ ಲೋಟದಿಂದ ಹಿಡಿದು ಮಿತಿ ಮೀರಿದ ಸೊನ್ನೆಗಳವರೆಗೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಮಾವ ಪೂರ್ತಿ ಕೇಳಿದರು.

"ಹಾಗಾದ್ರೆ ನಿಮ್ಮ ಕೈಕೆಳಗೆ ಯಾರೂ ಇಲ್ಲ?"

"ಯಾರೂ ಇಲ್ಲ ಮಾವ."

"ಇದನ್ನ ನಿಮ್ಮ ಷಡ್ಡಕನಿಗೆ ಹೇಳೋದು ಬೇಡ," ಎಂದರು ಮಾವ.

ಇಲಾಖೆ ವಿಚಾರಣೆ ನಡೆಸಿತು. ಸೂಪರಿಂಟೆಂಡೆಂಟರು ಗೋಡೆಯ ಬಟ್ಟೆಯನ್ನು ಮಡಿಸಿಟ್ಟು, ತಮಗೆ ಮೊದಲಿನಿಂದಲೂ ಅನುಮಾನವಿತ್ತೆಂದು ನಾಲ್ಕು ಪುಟ ಬರೆದುಕೊಟ್ಟರು. ವೋಲ್ಟಪ್ಪ ಅರ್ಧ ಪುಟ ಬರೆದರು: ತಪ್ಪು ನನ್ನದು, ಯಂತ್ರ ಮೊದಲ ದಿನದಿಂದಲೂ ಹೇಳುತ್ತಿತ್ತು, ನಾನು ಕೇಳಲಿಲ್ಲ. ಅವರ ಬಡ್ತಿಯನ್ನು ಮೂರು ವರ್ಷ ತಡೆಹಿಡಿದರು. ಕೆಲಸದಿಂದ ತೆಗೆಯಲಿಲ್ಲ. ಗವಸಿಗೆ ನೀರು ತುಂಬಲು ಬರುವವರು ಬೇರೆ ಯಾರೂ ಇರಲಿಲ್ಲ.

ಮುನ್ನೂರ ನಲವತ್ತು ಜೊತೆಗಳನ್ನು ವಾಪಸು ತರಿಸಿದರು. ಕೆಲವನ್ನು ವೋಲ್ಟಪ್ಪ ತಾವೇ ಊರೂರಿಗೆ ಹೋಗಿ, ಲೈನ್‌ಮನ್‌ಗಳ ಕೈಯಿಂದಲೇ ಬಿಚ್ಚಿಸಿಕೊಂಡು ತಂದರು. ಏಕೆಂದು ಕೇಳಿದ ಪ್ರತಿಯೊಬ್ಬನಿಗೂ ಪೂರ್ತಿ ಕಾರಣ ಹೇಳಿದರು. ಆಮೇಲೆ ಒಂದು ಸೋಮವಾರ, ಮೇಡಂ ಪಕ್ಕದಲ್ಲಿ ನಿಂತಿರಲು, ಮರುಪರೀಕ್ಷೆ ಶುರುವಾಯಿತು. ತಮ್ಮ ತಮ್ಮ ಗವಸು ತಿರುಗಿ ಪಡೆಯಲು ಲೈನ್‌ಮನ್‌ಗಳು ಸಾಲು ನಿಂತರು. ನಮ್ಮ ಬೀದಿಯ ಲೈನ್‌ಮನ್ನೇ ಮೊದಲು ನಿಂತಿದ್ದ.

ವೋಲ್ಟಪ್ಪ 'ಇಪ್ಪತ್ತು' ಎಂದು ಟೈಪು ಮಾಡಿದರು. ಕಂಪ್ಯೂಟರು ಯಂತ್ರವನ್ನು ಕೇಳಿತು, ಏನಾದರೂ ತಪ್ಪಾಯಿತೆ. ಇಲ್ಲ ಎಂದು ಉತ್ತರ ಬಂತು. ಪಂಜರದೊಳಗೆ ಸಣ್ಣಗೆ ಗುಂಯ್ ಎಂದಿತು. ಬಲಗೈ ಗವಸು, ಸೋರಿಕೆ ಏಳು, ಪಾಸು. ಎಡಗೈ ಗವಸಿಗೆ ವೋಲ್ಟು ಏರುತ್ತ ಏರುತ್ತ ಹನ್ನೊಂದಕ್ಕೆ ಬಂದಿತ್ತು. ಫಟ್ ಎಂದು ಸದ್ದಾಗಿ ಎಲ್ಲ ನಿಂತಿತು.

ಮೇಡಂ ಪಂಜರದ ಕರೆಂಟು ತೆಗೆದು, ಅದು ಹೋಗಿದೆಯೇ ಎಂದು ನೋಡಿ, ಗವಸು ತಂದು ಕೊಟ್ಟರು. ಅದರೊಳಗೆ ಇನ್ನೂ ನೀರಿತ್ತು. ತೋರುಬೆರಳಿನ ಬುಡದಿಂದ ದಾರದಷ್ಟು ತೆಳ್ಳಗಿನ ನೀರಿನ ಎಳೆಯೊಂದು ಚಿಮ್ಮಿ ನೆಲಕ್ಕೆ ಬೀಳುತ್ತಿತ್ತು. ಲೈನ್‌ಮನ್ ಅದರ ಕೆಳಗೆ ತನ್ನ ಅಂಗೈ ಹಿಡಿದ.

"ಇಷ್ಟೇ ತೂತಾ ಸಾರ್?"

"ಇಷ್ಟೇ."

"ಇದರಲ್ಲಿ ನಾನು ಹೋಗಿಬಿಡ್ತಿದ್ನಾ?"

"ಪೂರ್ತಿ," ಎಂದರು ವೋಲ್ಟಪ್ಪ.

ಅವರು ಪುಸ್ತಕ ತೆರೆದು, ಅವನ ಹೆಸರಿನ ಮುಂದೆ 'ನಪಾಸು' ಎಂದು ಬರೆದು ಸಹಿ ಹಾಕಿದರು. ಸಹಿ ಈ ಸಲ ಚಿಕ್ಕದಾಗಿ, ಓರೆಯಾಗಿ ಬಂತು. ಇಬ್ಬರೂ ನೀರು ಖಾಲಿಯಾಗುವವರೆಗೆ ಆ ಎಳೆಯನ್ನೇ ನೋಡುತ್ತ ನಿಂತರು.

ಅಷ್ಟರಲ್ಲಿ ಸಾಲಿನ ಹಿಂದಿನಿಂದ ಯಾರೋ ಕೂಗಿದರು: "ಎಷ್ಟೊತ್ತು ಸಾರ್ ಒಂದು ಜೊತೆಗೆ? ಹೋದ ಸಲ ಎಷ್ಟು ಬೇಗ ಆಗಿತ್ತು!"